ಗೃಹಾರೋಗ್ಯ: ಮೊಳಕಾಲಿನ ಬಾವೂ ಮನೆಯವರ ಕೈಯೂ

ಮುಪ್ಪಿನಲ್ಲಿ ಮೊಳಕಾಲು ಸವೆದು ನೋಯುವುದು ನಮ್ಮ ನಾಡಿಗೆ ಹೊಸದಲ್ಲ. ಸಿಂಧನೂರಿನ ಕಡೆ ಗದ್ದೆಯ ಕೆಸರಿನಲ್ಲಿ ಬಗ್ಗಿ ಭತ್ತದ ನಾಟಿ ಮಾಡಿದ ಹೆಂಗಸರು, ಲಿಂಗಸುಗೂರು ತಾಲೂಕಿನ ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದು ವಿಶ್ರಾಂತರಾದ ಗಂಡಸರು, ಮಸ್ಕಿಯ ಪೇಟೆಯಲ್ಲಿ ದಿನವಿಡೀ ನಿಂತು ವ್ಯಾಪಾರ ಮಾಡಿದವರು, ಅರವತ್ತು ದಾಟಿದ ಮೇಲೆ ಗೋಡೆ ಹಿಡಿದು ಏಳುವುದನ್ನು ನಾವೆಲ್ಲರೂ ಬಲ್ಲೆವು. ಹೊಸದಾದುದು ಆ ಸವೆದ ಕೀಲಿಗೆ ಮಾಡುವ ಚಿಕಿತ್ಸೆ. ಎಲುಬುಗಳ ಹಾಳಾದ ಮೈಯನ್ನು ಕೊಯ್ದು ತೆಗೆದು ಅಲ್ಲಿ ಲೋಹವನ್ನೂ ಗಟ್ಟಿಯಾದ ಪ್ಲಾಸ್ಟಿಕ್ಕನ್ನೂ ಕೂಡಿಸುವ ಶಸ್ತ್ರಕ್ರಿಯೆಯು 1970ರ ದಶಕದಲ್ಲಿ ಹೆಚ್ಚು ಕಡಿಮೆ ಈಗಿನ ರೂಪಕ್ಕೆ ಬಂದಿತು. ನಮ್ಮ ದೇಶದಲ್ಲಿ 2017ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರಕಾರವು ಈ ಕೃತಕ ಕೀಲುಗಳ ಬೆಲೆಗೆ ಮಿತಿ ಹಾಕಿ, ಹೆಚ್ಚಾಗಿ ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ತೆರಿಗೆಯನ್ನು ಬಿಟ್ಟು 54,720 ರೂಪಾಯಿಯೆಂದು ಗೊತ್ತುಮಾಡಿತು. ಇದರಿಂದ ಮಧ್ಯಮ ತರಗತಿಯ ಮನೆಗಳಿಗೂ ಈ ಚಿಕಿತ್ಸೆಯು ಕೊಂಚ ಕೈಗೆಟುಕುವಂತಾಯಿತು.

ಆದರೆ ಶಸ್ತ್ರಕ್ರಿಯೆಯೆಂಬುದು ದವಾಖಾನೆಯಲ್ಲಿ ಒಂದೆರಡು ತಾಸುಗಳ ಕೆಲಸ. ಅದರ ಫಲವು ನಿಶ್ಚಯವಾಗುವುದು ಬಹುಮಟ್ಟಿಗೆ ಅನಂತರದ ಆರು ವಾರಗಳಲ್ಲಿ, ಅದೂ ಮನೆಯಲ್ಲಿ. ಸಮತಟ್ಟಾದ ನೆಲದ ಮೇಲೆ ನಡೆಯಲು ಮೊಳಕಾಲು ಸುಮಾರು 70 ಅಂಶಗಳಷ್ಟು ಮಡಚಬೇಕು. ಮೆಟ್ಟಿಲು ಹತ್ತಲೂ ಕುರ್ಚಿಯಿಂದ ಏಳಲೂ 90 ಅಂಶ, ಕೆಲವೊಮ್ಮೆ ಅದಕ್ಕೂ ಮೇಲೆ ಬೇಕು. ಅಷ್ಟೇ ಮುಖ್ಯವಾದುದು ಕಾಲು ಪೂರ್ತಿಯಾಗಿ ನೆಟ್ಟಗಾಗುವುದು. ಈ ಎರಡಕ್ಕೂ ಮೊದಲ ದಿನಗಳ ವೈರಿಯೆಂದರೆ ಬಾವು. ಬಾವು ಇರುವಷ್ಟು ಕಾಲ ಕೀಲು ಬಿಗಿಯುವುದು, ನೋವು ಹೆಚ್ಚುವುದು. ಅಲ್ಲದೆ ಕೀಲಿನೊಳಗೆ ನೀರು ತುಂಬಿದಾಗ ತೊಡೆಯ ಮುಂಭಾಗದ ದೊಡ್ಡ ಸ್ನಾಯುವು ತನ್ನಷ್ಟಕ್ಕೆ ತಾನೇ ಕುಂದುವುದು. ಶಸ್ತ್ರಕ್ರಿಯೆಯಾದ ಮೊದಲ ತಿಂಗಳಲ್ಲಿ ಆ ಸ್ನಾಯುವಿನ ಬಲವು ಅರ್ಧಕ್ಕೂ ಕೆಳಗೆ ಇಳಿಯುವುದುಂಟು. ಹೀಗಿರಲು, ಬಾವನ್ನು ಇಳಿಸುವ ಉಪಾಯವೇನೆಂದು ಮನೆಯವರು ಚಿಂತಿಸುವುದು ಸಹಜವೇ.

ಈ ಚಿಂತೆಯಿಂದಲೇ ಪ್ರೀತಿಯ ತಪ್ಪುಗಳು ಹುಟ್ಟುತ್ತವೆ. ಬಾತ ಕಾಲನ್ನು ನೋಡಿದ ಕೂಡಲೆ ಮನೆಯಲ್ಲಿ ಕೈಗುಣವುಳ್ಳವರೆಂದು ಹೆಸರಾದ ಹಿರಿಯರೊಬ್ಬರು ಎಣ್ಣೆ ಕಾಯಿಸಿ ತಂದು ಬಲವಾಗಿ ತಿಕ್ಕಲು ಕುಳಿತುಕೊಳ್ಳುವರು. ಮಗಳು ಅವ್ವನಿಗೆ ಹಿತವಾಗಲೆಂದು ಮೊಳಕಾಲಿನ ಕೆಳಗೆ ದಿಂಬು ಇಡುವಳು. ನೋಡಲು ಬಂದ ನೆಂಟರ ಎದುರಿಗೆ ಮಲಗಿರುವುದು ಮರ್ಯಾದೆಯಲ್ಲವೆಂದು ರೋಗಿಯು ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಹೊತ್ತುಗಟ್ಟಲೆ ಕುಳಿತಿರುವರು. ಈ ಮೂರೂ ಸದುದ್ದೇಶದವೇ, ಮೂರೂ ಹಾನಿಕರವಾದವು. ಏಕೆಂಬುದನ್ನು ತಿಳಿಯಬೇಕಾದರೆ ಬಾವು ಎಲ್ಲಿಂದ ಬರುವುದು, ಯಾವ ದಾರಿಯಿಂದ ಹೋಗುವುದು ಎಂಬುದನ್ನು ಮೊದಲು ಅರಿಯಬೇಕು.

ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರನ್ನು ಉಣ್ಣುವ ಸಿಂಧನೂರಿನ ಒಕ್ಕಲಿಗರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಹೊಲಕ್ಕೆ ನೀರು ತರಲು ಕಾಲುವೆ ಎಷ್ಟು ಅಗತ್ಯವೋ, ಹೆಚ್ಚಾದ ನೀರನ್ನು ಹೊರಗೆ ಒಯ್ಯಲು ಬಸಿಗಾಲುವೆಯೂ ಅಷ್ಟೇ ಅಗತ್ಯ. ಬಸಿಗಾಲುವೆ ಕಟ್ಟಿಕೊಂಡರೆ ಭೂಮಿಯು ಸವಳು-ಜವಳಾಗಿ ಕೆಡುವುದು. ದೇಹದಲ್ಲಿಯೂ ಹಾಗೆಯೇ. ರಕ್ತನಾಳಗಳು ಕಾಲುವೆಗಳಿದ್ದಂತೆ. ಅವುಗಳ ಅತಿ ಸೂಕ್ಷ್ಮವಾದ ಕವಲುಗಳಿಂದ ನೀರೂ ಸಾರವೂ ಒಸರಿ ಮಾಂಸದ ಎಡೆಗಳಲ್ಲಿ ಹರಡುತ್ತವೆ. ಹೀಗೆ ಹೊರಬಂದುದರಲ್ಲಿ ಹೆಚ್ಚಾದ ನೀರನ್ನು ಸಂಗ್ರಹಿಸಿ, ಗ್ರಂಥಿಗಳಲ್ಲಿ ಸೋಸಿ, ಕೊರಳ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರಿಸುವ ಬೇರೊಂದು ನಾಳಜಾಲವು ಉಂಟು. ಇದೇ ದೇಹದ ಬಸಿಗಾಲುವೆ. ಇದರಲ್ಲಿ ಹರಿಯುವ ದ್ರವಕ್ಕೆ ದುಗ್ಧರಸವೆಂದು ಹೆಸರು. ಡಾಕ್ಟರರು ಲಿಂಫ್ ಎನ್ನುವರು. ಕಾಲಿನಲ್ಲಿ ಇದು ತಿಳಿನೀರಿನಂತೆ ಇದ್ದರೂ, ಕೊಬ್ಬಿನ ಪದಾರ್ಥವನ್ನು ಉಂಡ ಮೇಲೆ ಕರುಳಿನಿಂದ ಬರುವ ಭಾಗವು ಹಾಲಿನಂತೆ ಬೆಳ್ಳಗಾಗಿರುವುದರಿಂದ ಈ ಹೆಸರು ಒಪ್ಪುವುದು. ಇಟಲಿಯ ಗಾಸ್ಪಾರೆ ಅಸೆಲ್ಲಿ ಎಂಬ ವೈದ್ಯನು 1622ರಲ್ಲಿ ಒಂದು ನಾಯಿಯ ಉದರದಲ್ಲಿ ಈ ಬಿಳಿಯ ನಾಳಗಳನ್ನು ಕಂಡನು. 1650ರ ದಶಕದ ಆರಂಭದಲ್ಲಿ ಸ್ವೀಡನ್ನಿನ ರುಡ್ಬೆಕ್, ಡೆನ್ಮಾರ್ಕಿನ ಬಾರ್ತೋಲಿನ್ ಎಂಬಿಬ್ಬರು ಇವು ದೇಹದ ಇತರ ಕಡೆಗಳಲ್ಲಿಯೂ ಹಬ್ಬಿರುವುದನ್ನು ತೋರಿಸಿಕೊಟ್ಟರು.

ರಕ್ತಕ್ಕೆ ಹೃದಯವು ಒತ್ತುಯಂತ್ರವಾಗಿರುವಂತೆ ದುಗ್ಧರಸಕ್ಕೆ ಒಂದೇ ಯಂತ್ರವಿಲ್ಲ. ನಾಳಗಳ ಗೋಡೆಗಳು ತಾವೇ ನಿಮಿಷಕ್ಕೆ ಹಲವು ಸಲ ಮೆಲ್ಲನೆ ಹಿಸುಕಿಕೊಂಡು ರಸವನ್ನು ಮುಂದೂಡುವವು. ಹಿಂದಕ್ಕೆ ಬಾರದಂತೆ ಒಳಗೆ ಕವಾಟಗಳಿರುವವು. ಇದಕ್ಕೆ ನೆರವಾಗುವುವು ನಡೆಯುವಾಗ ಬಿಗಿದು ಸಡಿಲುವ ಮೀನಖಂಡದ ಸ್ನಾಯುಗಳು ಮತ್ತು ಆಳವಾದ ಉಸಿರಾಟ. ಇನ್ನು ಚರ್ಮದ ಕೆಳಗಿನ ಮೊದಲ ನಾಳಗಳಾದರೋ ಕೂದಲಿಗಿಂತಲೂ ತೆಳುವಾದವು. ಚರ್ಮವನ್ನು ಮೆಲ್ಲನೆ ಎಳೆದಾಗ ಅವುಗಳ ಬಾಯಿ ತೆರೆಯುವುದು. ಗಟ್ಟಿಯಾಗಿ ಒತ್ತಿದರೆ ಚಪ್ಪಟೆಯಾಗಿ ಮುಚ್ಚುವುದು. ಈ ಲೇಖನದ ಸಾರವೆಲ್ಲ ಈ ಒಂದು ಸಂಗತಿಯಲ್ಲಿಯೇ ಅಡಗಿದೆ.

ಮೊಳಕಾಲಿನ ಶಸ್ತ್ರಕ್ರಿಯೆಯಲ್ಲಿ ಎಲುಬನ್ನು ಕೊಯ್ಯುವುದರಿಂದ ರಕ್ತವು ಒಸರುವುದು, ಗಾಯ ಮಾಯುವ ಸಲುವಾಗಿಯೇ ನೀರು ಕೂಡುವುದು. ಅದೇ ವೇಳೆಗೆ ಬಸಿಗಾಲುವೆಗಳಿಗೂ ಪೆಟ್ಟು ಬೀಳುವುದು. ಏಕೆಂದರೆ ಕಾಲಿನ ಮೇಲ್ಪದರದ ದುಗ್ಧರಸನಾಳಗಳ ದೊಡ್ಡ ಗುಂಪು ಮೊಳಕಾಲಿನ ಒಳಮಗ್ಗುಲನ್ನು ಹಾದು ತೊಡೆಸಂದಿನ ಗ್ರಂಥಿಗಳಿಗೆ ಹೋಗುತ್ತದೆ, ಕೊಯ್ದ ಗಾಯವು ಅದರ ಸಮೀಪದಲ್ಲಿಯೇ ಇರುತ್ತದೆ. ಒಳಹರಿವು ಹೆಚ್ಚಿ ಹೊರಹರಿವು ಕುಗ್ಗಿದ ಮೇಲೆ ಬಾವು ಬಾರದೆ ಇದ್ದೀತೆ? ಮೊದಲ ಒಂದೆರಡು ವಾರ ಅದು ಹೆಚ್ಚಾಗಿದ್ದು, ಅನಂತರ ಮೆಲ್ಲಮೆಲ್ಲನೆ ಇಳಿಯುವುದು. ಪೂರ್ತಿ ಹೋಗಲು ಮೂರರಿಂದ ಆರು ತಿಂಗಳು ಹಿಡಿದರೂ ಗಾಬರಿಪಡಬೇಕಾಗಿಲ್ಲ.

ಹೀಗೆ ಕೂಡಿದ ನೀರನ್ನು ಮೃದುವಾದ ಕೈಯಿಂದ ದಾರಿಗೆ ಹಚ್ಚುವ ಕ್ರಮವನ್ನು ರೂಪಿಸಿದವರು ಡೆನ್ಮಾರ್ಕಿನ ಎಮಿಲ್ ವೊಡ್ಡರ್ ಮತ್ತು ಅವರ ಪತ್ನಿ ಎಸ್ಟ್ರಿಡ್ ವೊಡ್ಡರ್. 1930ರ ದಶಕದಲ್ಲಿ ಫ್ರಾನ್ಸಿನ ಕಡಲತೀರದ ಕಾನ್ ಎಂಬ ಊರಿನಲ್ಲಿ, ನೆಗಡಿಯು ಬೇರೂರಿ ಕೊರಳ ಗ್ರಂಥಿಗಳು ಬಾತವರಿಗೆ ಇವರು ಈ ಉಪಚಾರ ಮಾಡಿದರು. ಗ್ರಂಥಿಗಳನ್ನು ಮುಟ್ಟಲೇ ಕೂಡದೆಂಬ ನಂಬಿಕೆಯಿದ್ದ ಕಾಲವದು. 1936ರಲ್ಲಿ ಅವರು ತಮ್ಮ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಪ್ರಕಟಪಡಿಸಿದರು. ಇಂದು ಅಂಗವ್ಯಾಯಾಮ ಚಿಕಿತ್ಸಕರು, ಎಂದರೆ ಫಿಜಿಯೋಥೆರಪಿಯವರು, ಕಲಿಯುವ ಕೈಚಿಕಿತ್ಸೆಯ ಮೂಲವು ಇದು.

ನಮ್ಮ ಕನ್ನಡದ ಮನೆಗಳ ಹತ್ತಿರಕ್ಕೆ ಈ ವಿದ್ಯೆ ಬಂದುದು ಮೊಳಕಾಲಿನ ನಿಮಿತ್ತದಿಂದಲ್ಲ, ಆನೆಕಾಲಿನ ನಿಮಿತ್ತದಿಂದ. ಸೊಳ್ಳೆಯ ಮೂಲಕ ದೇಹವನ್ನು ಹೊಕ್ಕ ಸಣ್ಣ ಹುಳುಗಳು ದುಗ್ಧರಸನಾಳಗಳಲ್ಲಿ ನೆಲಸಿ ಅವುಗಳನ್ನು ಕೆಡಿಸುವುದರಿಂದ ಆನೆಕಾಲು ಬರುತ್ತದೆ. ಕರ್ನಾಟಕದಲ್ಲಿ ಇದು ಕರಾವಳಿಯ ಜಿಲ್ಲೆಗಳಲ್ಲಿಯೂ, ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆಗಳಲ್ಲಿಯೂ ಕಂಡುಬಂದ ರೋಗ. 1956ರಲ್ಲಿ ಕೇರಳಕ್ಕೆ ಸೇರಿದರೂ ಕನ್ನಡದ ಮನೆಗಳು ಹೇರಳವಾಗಿ ಉಳಿದಿರುವ ಕಾಸರಗೋಡಿನಲ್ಲಿ ‘ಇನ್ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ’ ಎಂಬ ಸಂಸ್ಥೆಯಿದೆ. ಅಲ್ಲಿ ಡಾ. ಎಸ್. ಆರ್. ನರಹರಿಯವರೂ ಅವರ ಸಂಗಡಿಗರೂ ಚರ್ಮದ ಶುದ್ಧಿ, ಆಯುರ್ವೇದದ ಕ್ರಮ, ಯೋಗದ ಉಸಿರಾಟ ಹಾಗೂ ಆಸನಗಳು, ಮೃದುವಾದ ಕೈಚಿಕಿತ್ಸೆ, ಬಿಗಿಪಟ್ಟಿ ಇವೆಲ್ಲವನ್ನೂ ಕೂಡಿಸಿ ಆನೆಕಾಲಿನವರಿಗೆ ಚಿಕಿತ್ಸೆ ಮಾಡುತ್ತ ಬಂದಿದ್ದಾರೆ. ನಮ್ಮ ನೆರೆಯ ಕಲಬುರಗಿ ಜಿಲ್ಲೆಯಲ್ಲಿಯೂ ಕೇರಳದ ಆಲಪ್ಪುಳ ಜಿಲ್ಲೆಯಲ್ಲಿಯೂ ಇದನ್ನು ಹಳ್ಳಿಯ ಜನರಿಗೆ ಕಲಿಸಿ, ಕಾಲಿನ ಗಾತ್ರವು ಕುಗ್ಗಿದುದನ್ನೂ ಜ್ವರ-ಉರಿಯೂತಗಳು ಮರುಕಳಿಸುವುದು ಕಡಿಮೆಯಾದುದನ್ನೂ 2013ರಲ್ಲಿ ಪ್ರಕಟಿಸಿದರು. ಆನೆಕಾಲು ಬೇರೆ, ಶಸ್ತ್ರಕ್ರಿಯೆಯ ಬಾವು ಬೇರೆ; ಒಂದರ ಫಲವನ್ನು ಇನ್ನೊಂದಕ್ಕೆ ಹಾಗೆಯೇ ಹಚ್ಚಲಾಗದು. ಆದರೆ ಕಾಲನ್ನು ನೋಡಿಕೊಳ್ಳುವ ವಿದ್ಯೆಯನ್ನು ಸಾಮಾನ್ಯ ಗೃಹಸ್ಥರೂ ಕಲಿತು ಮನೆಯಲ್ಲಿ ದಿನವೂ ನಡೆಸಬಲ್ಲರೆಂಬುದು ಅದರಿಂದ ತಿಳಿಯಿತು. ರಾಯಚೂರು ಜಿಲ್ಲೆಯವರು ನೆನಪಿಡಬೇಕಾದ ಇನ್ನೊಂದು ಮಾತೂ ಇದರಲ್ಲಿದೆ: ಹಿಂದೆ ಎಂದಾದರೂ ಕಾಲು ಬಾತು ಜ್ವರ ಬರುತ್ತಿದ್ದರೆ, ಅದನ್ನು ಶಸ್ತ್ರಕ್ರಿಯೆಗೆ ಮುಂಚೆಯೇ ಡಾಕ್ಟರರಿಗೆ ಹೇಳತಕ್ಕದ್ದು. ಬಸಿಗಾಲುವೆ ಮೊದಲೇ ಕೆಟ್ಟಿದ್ದರೆ ಅವರು ಅದಕ್ಕೆ ತಕ್ಕ ಎಚ್ಚರಿಕೆಯನ್ನು ವಹಿಸುವರು.

ಮೊಳಕಾಲಿನ ಶಸ್ತ್ರಕ್ರಿಯೆಯಾದವರಲ್ಲಿ ಈ ಕೈಚಿಕಿತ್ಸೆಯಿಂದ ನಿಜವಾಗಿ ಏನು ಲಾಭ? ಇಲ್ಲಿ ಅತಿಶಯೋಕ್ತಿ ಸಲ್ಲದು. 2013ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಒಂದು ಪರೀಕ್ಷೆಯಲ್ಲಿ, ಮೊದಲ ದಿನಗಳಲ್ಲಿ ಇದನ್ನು ಮಾಡಿಸಿಕೊಂಡವರ ಮೊಳಕಾಲು ನಾಲ್ಕನೆಯ ದಿನವೂ ಆರನೆಯ ವಾರವೂ ಉಳಿದವರಿಗಿಂತ ಹೆಚ್ಚು ಮಡಚುತ್ತಿತ್ತು. 2016ರಲ್ಲಿ ಸ್ವಿಟ್ಜರ್ಲೆಂಡಿನವರು 60 ಜನರ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಐದು ಸಲ ಮಾಡಿದ ಕೈಚಿಕಿತ್ಸೆಯಿಂದ ಬಾವು ಮಾತ್ರ ಇಳಿಯಲಿಲ್ಲ. ಆದರೆ ಚಿಕಿತ್ಸೆಯಾದ ಕೂಡಲೆ ನೋವು ತಗ್ಗಿತು, ಮೂರು ತಿಂಗಳ ಮೇಲೆ ಕಾಲು ನೆಟ್ಟಗಾಗದೆ ಉಳಿದವರು ಕಡಿಮೆಯಾಗಿದ್ದರು. ಈ ಕೊನೆಯ ಫಲವನ್ನು ಇನ್ನೂ ಪರೀಕ್ಷಿಸಿ ನೋಡಬೇಕೆಂದು ಅವರೇ ಹೇಳಿದರು. ಆದಕಾರಣ ಇದನ್ನು ಬಾವನ್ನು ಮಾಯಮಾಡುವ ಮಂತ್ರವೆಂದು ತಿಳಿಯದೆ, ನೋವನ್ನು ತಗ್ಗಿಸಿ ವ್ಯಾಯಾಮಕ್ಕೆ ದಾರಿಮಾಡಿಕೊಡುವ ನೆರವೆಂದು ತಿಳಿಯುವುದು ಯುಕ್ತ. ಕೈಚಿಕಿತ್ಸೆ ಮಾಡಿಸಿಕೊಂಡು ವ್ಯಾಯಾಮವನ್ನು ಬಿಟ್ಟವರಿಗೆ ಏನೂ ದಕ್ಕದು. ಇದಕ್ಕಾಗಿ ದೊಡ್ಡ ಹಣವನ್ನು ಕೇಳುವವರಿದ್ದರೆ ಆ ಹಣವನ್ನು ಒಳ್ಳೆಯ ವ್ಯಾಯಾಮ ಶಿಕ್ಷಣಕ್ಕೆ ಕೊಡುವುದು ಲೇಸು.

ಇನ್ನು ಮಾಡುವ ಕ್ರಮ. ಡಾಕ್ಟರರ ಅಪ್ಪಣೆ ಪಡೆದು, ಫಿಜಿಯೋಥೆರಪಿಯವರ ಎದುರಿನಲ್ಲಿ ಮನೆಯವರೊಬ್ಬರು ಒಂದೆರಡು ಸಲ ಮಾಡಿ ತೋರಿಸಿ ತಿದ್ದಿಸಿಕೊಂಡ ಮೇಲೆಯೇ ಮನೆಯಲ್ಲಿ ಆರಂಭಿಸತಕ್ಕದ್ದು. ರೋಗಿಯನ್ನು ಅಂಗಾತ ಮಲಗಿಸಿ, ಹಿಮ್ಮಡಿಯ ಕೆಳಗೆ ದಿಂಬುಗಳನ್ನಿಟ್ಟು ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಬೇಕು. ಹೊಲದಲ್ಲಿ ನಿಂತ ನೀರನ್ನು ಬಿಡುವಾಗ ಒಕ್ಕಲಿಗನು ಮೊದಲು ಕೆಳಗಿನ ಬಸಿಗಾಲುವೆಯ ಕಸವನ್ನು ತೆಗೆದು, ಅನಂತರ ಮೇಲಿನ ಮಡಿಗಳ ಒಡ್ಡನ್ನು ಒಡೆಯುವನಷ್ಟೆ. ಇಲ್ಲಿಯೂ ಮೊದಲು ಹೊರದಾರಿ, ಆಮೇಲೆ ಬಾತ ಜಾಗ. ಆದುದರಿಂದ ಮೊದಲು ಹೊಟ್ಟೆ ಉಬ್ಬುವಂತೆ ಐದಾರು ಸಲ ನಿಧಾನವಾಗಿ ಉಸಿರೆಳೆದು ಬಿಡಿಸಬೇಕು. ಬಳಿಕ ಕೊರಳ ಬುಡದಲ್ಲಿ, ಅಡ್ಡ ಎಲುಬಿನ ಮೇಲಿನ ತಗ್ಗಿನಲ್ಲಿ, ಬೆರಳುಗಳ ಮೈಯಿಂದ ಚರ್ಮವನ್ನು ಮೆಲ್ಲನೆ ಎಳೆದು ಬಿಡುವುದು. ಆಮೇಲೆ ತೊಡೆಸಂದು, ಆಮೇಲೆ ತೊಡೆ, ಆಮೇಲೆ ಗಾಯವನ್ನು ಬಿಟ್ಟು ಮೊಳಕಾಲಿನ ಮಗ್ಗುಲುಗಳು, ಕೊನೆಯಲ್ಲಿ ಮೀನಖಂಡ ಮತ್ತು ಪಾದ. ಯಾವ ಜಾಗದಲ್ಲಾದರೂ ಚರ್ಮವನ್ನು ಎಳೆಯುವ ದಿಕ್ಕು ತೊಡೆಸಂದಿನ ಕಡೆಗೇ ಇರಬೇಕು.

ಕೈಯ ಭಾರವೆಷ್ಟು? ನಿದ್ದೆಹೋದ ಕೂಸಿನ ಕೆನ್ನೆಯನ್ನು ಎಚ್ಚರವಾಗದಂತೆ ಮುಟ್ಟುವಷ್ಟು. ಕೈ ಚರ್ಮದ ಮೇಲೆ ಜಾರಬಾರದು. ಚರ್ಮವೇ ಕೈಯೊಡನೆ ಸ್ವಲ್ಪ ಸರಿದು, ಬಿಟ್ಟಾಗ ತಾನಾಗಿ ಹಿಂದಿರುಗಬೇಕು. ಇದಕ್ಕೇ ಎಣ್ಣೆ ಕೂಡದು. ಎಣ್ಣೆ ಹಚ್ಚಿದರೆ ಕೈ ಜಾರುವುದೇ ಹೊರತು ಚರ್ಮ ಎಳೆಯುವುದಿಲ್ಲ. ಒಂದೊಂದು ಎಡೆಯಲ್ಲಿ ಐದರಿಂದ ಏಳು ಸಲ, ಅವಸರವಿಲ್ಲದೆ. ಚರ್ಮ ಕೆಂಪಾದರೆ ಅಥವಾ ನೋವಾದರೆ ಕೈ ಭಾರವಾಯಿತೆಂದು ತಿಳಿಯಬೇಕು. ಹೊಲಿಗೆಯ ಮೇಲೆ, ಒಸರುವ ಗಾಯದ ಮೇಲೆ ಕೈಯಿಡಲೇಬಾರದು. ಬಿಸಿಯೆಣ್ಣೆಯ ಬಲವಾದ ತಿಕ್ಕುವಿಕೆಯಾದರೋ ಮೊದಲ ವಾರಗಳಲ್ಲಿ ರಕ್ತವನ್ನು ಅಲ್ಲಿಗೆ ಇನ್ನಷ್ಟು ಸೆಳೆದು ಬಾವನ್ನು ಹೆಚ್ಚಿಸುವುದು; ಎಣ್ಣೆಯು ಹಸಿಗಾಯಕ್ಕೆ ತಗಲಿದರೆ ಕೀವಾಗುವ ಭಯವೂ ಉಂಟು. ಗಾಯ ಪೂರ್ತಿ ಮಾಯ್ದ ಮೇಲೆ ಕಲೆಯನ್ನು ಸಡಿಲಿಸಲು ಎಣ್ಣೆ ಹಚ್ಚುವುದು ಬೇರೆ ಮಾತು. ಅದನ್ನೂ ಕೇಳಿಯೇ ಮಾಡಬೇಕು.

ಕೈಯನ್ನು ಸೋಕಿಸಲೇ ಬಾರದ ಸಂದರ್ಭಗಳು ಇವು: ಮೀನಖಂಡವು ಒಮ್ಮೆಲೆ ಹೆಚ್ಚು ಬಾತು, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಸಂಚಕಾರ ಬಂದೀತು. ಅಂಥ ಸಮಯದಲ್ಲಿ ಬೆಳಗಾಗಲೆಂದು ಕಾಯದೆ ದವಾಖಾನೆಗೆ ಹೋಗಬೇಕು. ಎದೆನೋವು ಅಥವಾ ಏದುಸಿರು ಕಂಡರೆ ಒಂದು ಗಳಿಗೆಯೂ ತಡಮಾಡಕೂಡದು. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ನೀರು ಅಥವಾ ಕೀವು ಒಸರುತ್ತಿದ್ದರೆ, ಜ್ವರ ಬಂದರೆ, ದಿನದಿನಕ್ಕೆ ಇಳಿಯಬೇಕಾದ ನೋವು ಏರುತ್ತಿದ್ದರೆ ನಂಜು ಕೂಡಿದೆಯೆಂದು ಶಂಕಿಸತಕ್ಕದ್ದು. ಹೃದಯ ದುರ್ಬಲವಾದವರಿಗೂ ಮೂತ್ರಪಿಂಡದ ರೋಗವುಳ್ಳವರಿಗೂ ಡಾಕ್ಟರರ ಸ್ಪಷ್ಟವಾದ ಒಪ್ಪಿಗೆಯಿಲ್ಲದೆ ಈ ಚಿಕಿತ್ಸೆ ಸಲ್ಲದು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಗುಳಿಗೆಯನ್ನು ಯಾರ ಮಾತು ಕೇಳಿಯೂ ಮಧ್ಯದಲ್ಲಿ ನಿಲ್ಲಿಸಬಾರದು.

ಕೈಗಿಂತ ಹೆಚ್ಚು ಕೆಲಸ ಮಾಡುವುದು ರೋಗಿಯ ಸ್ವಂತ ಕಾಲು. ಎಚ್ಚರವಾಗಿರುವಾಗ ತಾಸಿಗೊಮ್ಮೆ ಪಾದವನ್ನು ಮೇಲಕ್ಕೂ ಕೆಳಕ್ಕೂ ಹತ್ತಿಪ್ಪತ್ತು ಸಲ ಆಡಿಸುವುದರಿಂದ ಮೀನಖಂಡವು ನೀರೆತ್ತುವ ಯಂತ್ರದಂತೆ ದುಡಿಯುವುದು. ಹೇಳಿಕೊಟ್ಟಷ್ಟು ನಡಿಗೆ, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ಮೊಳಕಾಲು ಮಡಚುವುದು, ತೊಡೆಯನ್ನು ಬಿಗಿಹಿಡಿದು ಕಾಲನ್ನು ನೆಟ್ಟಗೆ ಒತ್ತುವುದು ಇವನ್ನು ತಪ್ಪಿಸಬಾರದು. ದಿಂಬು ಹಿಮ್ಮಡಿಯ ಕೆಳಗಿರಲಿ, ಮೊಳಕಾಲಿನ ಕೆಳಗೆ ಬೇಡ. ಮಡಚಿದ ಹಾಗೆಯೇ ವಾರಗಟ್ಟಲೆ ಇಟ್ಟ ಕಾಲು ಹಾಗೆಯೇ ಬಿಗಿದು, ಮುಂದೆ ನೆಟ್ಟಗಾಗದೆ ಕುಂಟು ಉಳಿಯುವುದು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು-ಇಪ್ಪತ್ತು ನಿಮಿಷ ಇಡುವುದು ಹಿತಕರ.

ನಮ್ಮ ಸೀಮೆಗೆ ತಕ್ಕ ಕೆಲವು ಮಾತುಗಳು ಉಳಿದಿವೆ. ದೂರದ ನಗರದಿಂದ ಊರಿಗೆ ಮರಳುವ ಪ್ರಯಾಣದಲ್ಲಿ ಕಾಲು ಇಳಿಬಿಟ್ಟು ತಾಸುಗಟ್ಟಲೆ ಕೂಡಬಾರದು. ನಡುನಡುವೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಬೇಕು, ಕುಳಿತಲ್ಲಿಯೂ ಪಾದವನ್ನು ಆಡಿಸುತ್ತಿರಬೇಕು. ರಾಯಚೂರು ಜಿಲ್ಲೆಯ ಬೇಸಗೆಯಲ್ಲಿ 40 ಡಿಗ್ರಿಗೆ ಮೇಲ್ಪಟ್ಟ ಸೆಕೆಗೆ ಆರೋಗ್ಯವಂತರ ಪಾದಗಳೂ ಬಾಯುವುವು. ಅನುಕೂಲವಿದ್ದವರು ಶಸ್ತ್ರಕ್ರಿಯೆಯನ್ನು ಚಳಿಗಾಲಕ್ಕೆ ಇಟ್ಟುಕೊಂಡರೆ ಬಿಗಿಗಾಲುಚೀಲವನ್ನು ತೊಡುವುದು ಸುಲಭವಾದೀತು. ರೊಟ್ಟಿ ಬಡಿಯಲು ನೆಲದ ಒಲೆಯ ಮುಂದೆ ಕೂಡುವ ಅಭ್ಯಾಸವನ್ನು ಬಿಟ್ಟು ಒಲೆಯನ್ನು ಕಟ್ಟೆಯ ಮೇಲೇರಿಸಬೇಕು. ಶೌಚಕ್ಕೆ ಕುರ್ಚಿಯಂಥ ಪೀಠವನ್ನು ಮೊದಲೇ ಹಾಕಿಸಬೇಕು. ಗದ್ದೆಯ ಕೆಸರಿಗೆ ಡಾಕ್ಟರರು ಒಪ್ಪುವ ತನಕ ಇಳಿಯಬಾರದು. ಪಾದಗಳನ್ನು ದಿನವೂ ಸಾಬೂನಿನಿಂದ ತೊಳೆದು, ಬೆರಳಿನ ಸಂದುಗಳನ್ನು ಒಣಗಿಸಿ, ಹಿಮ್ಮಡಿಯ ಬಿರುಕುಗಳನ್ನು ಮುಚ್ಚಿಕೊಳ್ಳತಕ್ಕದ್ದು. ಆನೆಕಾಲಿನವರಿಗೆ ಕಾಸರಗೋಡಿನಲ್ಲಿ ಕಲಿಸುವ ಮೊದಲ ಪಾಠವೂ ಈ ಚರ್ಮಶುದ್ಧಿಯೇ. ಬೆರಳ ಸಂದಿನ ಸಣ್ಣ ಹುಣ್ಣಿನಿಂದ ಹೊಕ್ಕ ನಂಜು ಕೃತಕ ಕೀಲಿಗೆ ತಗಲಿದರೆ ಮತ್ತೆ ಶಸ್ತ್ರಕ್ರಿಯೆಯ ತನಕ ಹೋದೀತು.

ಬಾವಿನ ಲೆಕ್ಕವನ್ನು ಕಣ್ಣಂದಾಜಿಗೆ ಬಿಡದೆ ಒಂದು ಪುಸ್ತಕದಲ್ಲಿ ಬರೆಯುವುದು ಒಳ್ಳೆಯದು. ದರ್ಜಿಯ ಟೇಪಿನಿಂದ ಮೊಳಕಾಲ ಚಿಪ್ಪಿನ ನಡುವೆ, ಅದಕ್ಕೆ 10 ಸೆಂಟಿಮೀಟರು ಮೇಲೆ, 10 ಸೆಂಟಿಮೀಟರು ಕೆಳಗೆ, ಎರಡೂ ಕಾಲುಗಳನ್ನು ಬೆಳಿಗ್ಗೆ ಏಳುವ ಮುಂಚೆ ಅಳೆದು ಗುರುತಿಸಬೇಕು. ಕಾಲನ್ನು ನೆಟ್ಟಗೆ ಚಾಚಿದಾಗ ಮೊಳಕಾಲಿನ ಕೆಳಗೆ ಎಷ್ಟು ಬೆರಳು ತೂರುವುದೆಂಬುದನ್ನೂ ಬರೆಯಬೇಕು. ಮರುತಪಾಸಣೆಗೆ ಹೋದಾಗ ಈ ಪುಸ್ತಕವು ಡಾಕ್ಟರರಿಗೆ ನೂರು ಮಾತಿಗಿಂತ ಹೆಚ್ಚು ಉಪಯೋಗವಾಗುವುದು. ಟೇಪಿನ ಅಂಕಿ ಕೆಲವು ದಿನ ಇಳಿಯದಿದ್ದರೂ, ಬೆರಳುಗಳ ಎಣಿಕೆ ಇಳಿಯುತ್ತಿದ್ದರೆ ಕಾಲು ಸರಿಯಾದ ದಾರಿಯಲ್ಲಿದೆಯೆಂದು ಧೈರ್ಯ ತಂದುಕೊಳ್ಳಬಹುದು.

ಕೊನೆಯದಾಗಿ, ನೋಡಲು ಬರುವ ಬಂಧುಗಳಿಗೆ ಒಂದು ವಿಜ್ಞಾಪನೆ. ರೋಗಿಯು ಕಾಲು ಮೇಲೆತ್ತಿ ಮಲಗಿಯೇ ನಿಮ್ಮನ್ನು ಮಾತನಾಡಿಸಿದರೆ ಅದನ್ನು ಅವಮರ್ಯಾದೆಯೆಂದು ಎಣಿಸಬೇಡಿರಿ. ನಿಮಗೆ ತಿಳಿದ ಎಣ್ಣೆಯ ಹೆಸರನ್ನು ಹೇಳುವುದಕ್ಕೆ ಬದಲಾಗಿ, ಅವರ ಕೈಹಿಡಿದು ಅಂಗಳದಲ್ಲಿ ಹತ್ತು ಹೆಜ್ಜೆ ಜೊತೆಗೆ ನಡೆಯಿರಿ. ಅವರಿಗೆ ಅದಕ್ಕಿಂತ ಹೆಚ್ಚಿನ ಉಪಕಾರವಿಲ್ಲ.